ನೆಲದಾಮೆಯ ಗುರುತು ಹಿಡಿಯುವುದು: ಬಣ್ಣವನ್ನು ಕೊನೆಗೆ ನೋಡಿ

ಆಮೆಯ ಫೋಟೋ ಕಳಿಸಿ ‘ಇದು ಯಾವ ಜಾತಿಯದು?’ ಎಂದು ಕೇಳುವವರು ಸಾಮಾನ್ಯವಾಗಿ ಕಳಿಸುವುದು ಮೇಲಿನಿಂದ ತೆಗೆದ ಒಂದೇ ಚಿತ್ರ. ಅದರಲ್ಲಿ ಬೆನ್ನಿನ ಹಳದಿ, ಕಪ್ಪು, ಕಂದು ಚಿತ್ತಾರ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆ ಚಿತ್ತಾರವನ್ನೇ ನಂಬಿ ಹೆಸರು ಹೇಳಿ ನಾನು ತಪ್ಪಿದ್ದುಂಟು. ಹರ್ಮನ್ ಆಮೆ ಎಂದು ಖಚಿತವಾಗಿ ಹೇಳಿದ್ದೆ. ಬಾಲದ ಕಡೆಯ ಚಿತ್ರ ಬಂದಾಗ ಅದು ಗ್ರೀಕ್ ಆಮೆ ಎಂದು ತಿಳಿಯಿತು. ಅಂದಿನಿಂದ ಕಾಲು, ಕತ್ತು, ಬಾಲ, ತೊಡೆ, ಹೊಟ್ಟೆ ಇಷ್ಟನ್ನೂ ನೋಡಿ ಮುಗಿಸಿದ ಮೇಲೆಯೇ ಬಣ್ಣಕ್ಕೆ ಬರುತ್ತೇನೆ. ವಯಸ್ಸಾದಂತೆ ಬಣ್ಣ ಮಾಸುತ್ತದೆ, ಚಿಪ್ಪು ಸವೆದರೆ ಗೆರೆಗಳು ಅಳಿಯುತ್ತವೆ, ಮಣ್ಣು ಮೆತ್ತಿಕೊಂಡರೆ ಎಲ್ಲ ಆಮೆಗಳೂ ಒಂದೇ ಬಣ್ಣ. ಚಿಪ್ಪಿನ ಮೇಲಿನ ತುಂಡುಗಳ ಜೋಡಣೆ ಮಾತ್ರ ಮರಿಯಾಗಿದ್ದಾಗ ಇದ್ದಂತೆಯೇ ಮುದಿಯಾದಾಗಲೂ ಇರುತ್ತದೆ.

ಮೊದಲ ಹೆಜ್ಜೆ: ಇದು ನೆಲದಾಮೆಯೇ?

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ನೆಲದಾಮೆಗಳೆಲ್ಲ ಟೆಸ್ಟುಡಿನಿಡೇ ಎಂಬ ಒಂದೇ ಕುಟುಂಬದವು. ಸುಮಾರು 50 ಪ್ರಭೇದಗಳು ಇದರಲ್ಲಿವೆ. ಇವುಗಳ ಹಿಂಗಾಲು ಪುಟ್ಟ ಆನೆಯ ಕಾಲಿನಂತೆ ದುಂಡು ಕಂಬ. ಬೆರಳುಗಳು ಬೇರೆಬೇರೆಯಾಗಿ ಕಾಣುವುದಿಲ್ಲ, ಪಾದದ ಅಂಚಿನಲ್ಲಿ ಉಗುರುಗಳಷ್ಟೇ ಹೊರಬಂದಿರುತ್ತವೆ. ಬೆರಳುಗಳ ನಡುವೆ ಜಾಲಪೊರೆ ಇರುವುದಿಲ್ಲ. ಕೆರೆ, ಹೊಳೆಗಳ ಆಮೆಯಲ್ಲಿ ಬೆರಳುಗಳು ಬಿಡಿಬಿಡಿಯಾಗಿ ಎಣಿಸಲು ಸಿಗುತ್ತವೆ, ನಡುವೆ ಪೊರೆ ಇರುತ್ತದೆ, ಚಿಪ್ಪು ಸಾಮಾನ್ಯವಾಗಿ ಚಪ್ಪಟೆ. ಕಡಲಾಮೆಗೆ ಕಾಲಿನ ಬದಲು ದೋಣಿಯ ಹುಟ್ಟಿನಂಥ ಈಜುರೆಕ್ಕೆ.

ಮೋಸ ಮಾಡುವುದು ಬಾಕ್ಸ್ ಆಮೆಗಳು. ಗುಮ್ಮಟದಂಥ ಚಿಪ್ಪು, ನೆಲದ ಮೇಲೆ ಓಡಾಟ, ನೋಡಿದವರಿಗೆ ನೆಲದಾಮೆಯೇ ಅನ್ನಿಸುತ್ತದೆ. ಅವುಗಳ ಹೊಟ್ಟೆಚಿಪ್ಪಿನ ನಡುವೆ ಕೀಲಿದೆ. ಹೆದರಿದಾಗ ಡಬ್ಬಿಯ ಮುಚ್ಚಳದಂತೆ ಹಿಂದೆ ಮುಂದೆ ಮುಚ್ಚಿಕೊಳ್ಳುತ್ತವೆ. ಮುಂಗಾಲಿನ ಬೆರಳುಗಳೂ ಬೇರೆಬೇರೆಯಾಗಿ ಕಾಣುತ್ತವೆ.

ಈ ಹೆಜ್ಜೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ರಸ್ತೆಯಲ್ಲಿ ಸಿಕ್ಕ ನೆಲದಾಮೆಯನ್ನು ‘ಪಾಪ, ನೀರು ಸೇರಲಿ’ ಎಂದು ಕೆರೆಗೆ ಬಿಡುವವರು ಇದ್ದಾರೆ. ನೆಲದಾಮೆಗೆ ಈಜು ಬಾರದು. ಆಳದ ನೀರಿಗೆ ಹಾಕಿದರೆ ಮುಳುಗಿ ಸಾಯುತ್ತದೆ. ಕಾಲು ನೋಡಲು ಹತ್ತು ಸೆಕೆಂಡು ಸಾಕು.

ಕೈಗೆತ್ತಿಕೊಳ್ಳುವ ಮುನ್ನ

ಕಾಡಿನಲ್ಲಿ ಕಂಡ ಆಮೆಯನ್ನು ಎತ್ತಬೇಡಿ, ಇದ್ದಲ್ಲಿಯೇ ಫೋಟೋ ತೆಗೆಯಿರಿ. ಮರುಭೂಮಿಯ ಆಮೆಗಳು ಮೂತ್ರಕೋಶದಲ್ಲಿ ನೀರು ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಬದುಕುತ್ತವೆ. ಹೆದರಿಸಿ ಎತ್ತಿದರೆ ಅದನ್ನೆಲ್ಲ ಹೊರಹಾಕಿಬಿಡುತ್ತವೆ. ಬರಗಾಲದಲ್ಲಿ ಆ ನಷ್ಟವೇ ಸಾವಿಗೆ ಕಾರಣವಾಗಬಹುದು.

ಸಾಕಿದ ಅಥವಾ ರಕ್ಷಿಸಿ ತಂದ ಆಮೆಯಾದರೆ ಎರಡೂ ಕೈಗಳಿಂದ ಚಿಪ್ಪಿನ ಎರಡು ಬದಿ ಹಿಡಿದು, ನೆಲಕ್ಕೆ ಸಮಾನಾಂತರವಾಗಿ ಎತ್ತಿ. ಹೊಟ್ಟೆಯ ಚಿತ್ರಕ್ಕಾಗಿ ಅಂಗಾತ ಮಲಗಿಸಬೇಡಿ. ಆಮೆಯ ಶ್ವಾಸಕೋಶ ಬೆನ್ನುಚಿಪ್ಪಿನ ಅಡಿಯಲ್ಲೇ ಇದೆ. ಮಗುಚಿದಾಗ ಕರುಳು, ಯಕೃತ್ತುಗಳ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಒಬ್ಬರು ಎತ್ತಿ ಹಿಡಿದರೆ ಇನ್ನೊಬ್ಬರು ಕೆಳಗಿನಿಂದ ಫೋಟೋ ತೆಗೆಯಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ.

ಬೇಕಾದ ಚಿತ್ರಗಳು ಆರು: ಮೇಲಿನಿಂದ, ಪಕ್ಕದಿಂದ, ಹೊಟ್ಟೆಯ ಕಡೆಯಿಂದ, ಮುಖದ ಎದುರಿನಿಂದ, ಬಾಲದ ಕಡೆಯಿಂದ, ಮತ್ತೆ ಮುಂಗಾಲಿನದು ಹತ್ತಿರದಿಂದ. ಉದ್ದ ಅಳೆಯಲು ಬೆನ್ನಿನ ಉಬ್ಬಿನ ಮೇಲೆ ಟೇಪು ಹಾಯಿಸಬೇಡಿ. ಆಮೆಯ ಮುಂದೊಂದು, ಹಿಂದೊಂದು ಪುಸ್ತಕ ನೆಟ್ಟಗೆ ನಿಲ್ಲಿಸಿ, ಆ ಎರಡರ ನಡುವಿನ ಅಂತರ ಅಳೆಯಿರಿ. ಪುಸ್ತಕಗಳಲ್ಲಿ ಕೊಡುವ ಉದ್ದ ಹೀಗೆ ನೇರವಾಗಿ ಅಳೆದದ್ದು.

ಚಿಪ್ಪಿನ ನಕ್ಷೆ

ಚಿಪ್ಪಿನ ಮೇಲೆ ಹೆಂಚು ಹೊದಿಸಿದಂತೆ ಕಾಣುವ ಒಂದೊಂದು ತುಂಡನ್ನೂ ಇಲ್ಲಿ ಬಿಲ್ಲೆ ಎನ್ನುತ್ತೇನೆ. ಬೆನ್ನಿನ ನಟ್ಟನಡುವೆ ಉದ್ದಕ್ಕೆ 5 ಬಿಲ್ಲೆ. ಅದರ ಎರಡೂ ಪಕ್ಕದಲ್ಲಿ ನಾಲ್ಕು ನಾಲ್ಕು. ಸುತ್ತಲೂ ಅಂಚುಬಿಲ್ಲೆಗಳು, ಸಾಮಾನ್ಯವಾಗಿ ಬದಿಗೆ 11. ಅಂಚಿನ ಸಾಲಿನಲ್ಲಿ ಎರಡು ಜಾಗಗಳು ಬಹಳ ಮುಖ್ಯ. ಕತ್ತಿನ ಮೇಲ್ಭಾಗದಲ್ಲಿ, ಎಡಬಲದ ಮೊದಲ ಅಂಚುಬಿಲ್ಲೆಗಳ ನಡುವೆ ಸಣ್ಣದೊಂದು ಬಿಲ್ಲೆ ಇರಬಹುದು, ಇಲ್ಲದೆಯೂ ಇರಬಹುದು. ಇದು ಕತ್ತುಬಿಲ್ಲೆ. ಇನ್ನೊಂದು ಬಾಲದ ಮೇಲಿನದು, ಬಾಲಬಿಲ್ಲೆ. ಇದು ಒಂದೇ ತುಂಡಾಗಿರಬಹುದು, ನಡುವೆ ಸೀಳಿ ಎರಡಾಗಿರಬಹುದು.

ಹೊಟ್ಟೆಚಿಪ್ಪಿನಲ್ಲಿ ಆರು ಜೋಡಿ ಬಿಲ್ಲೆಗಳು: ಗಂಟಲು, ತೋಳು, ಎದೆ, ಹೊಟ್ಟೆ, ತೊಡೆ, ಕೊನೆಯದು ಬಾಲದ ಬುಡ. ಎಡ ಬಲ ಬಿಲ್ಲೆಗಳು ನಡುಗೆರೆಯಲ್ಲಿ ಕೂಡುವ ಹೊಲಿಗೆಯಂಥ ಗೆರೆಯ ಉದ್ದವೂ ಕೆಲವೆಡೆ ಉಪಯೋಗಕ್ಕೆ ಬರುತ್ತದೆ.

ಕತ್ತುಬಿಲ್ಲೆ ಇದೆಯೇ, ಇಲ್ಲವೇ?

ನನಗೆ ಅತಿ ಹೆಚ್ಚು ನೆರವಾಗಿರುವ ಗುರುತು ಇದೇ. ಇದೊಂದನ್ನು ನೋಡಿದರೆ ಸಾಧ್ಯತೆಗಳ ಪಟ್ಟಿ ಅರ್ಧಕ್ಕಿಳಿಯುತ್ತದೆ. ಆಫ್ರಿಕಾದ ಸುಲ್ಕಾಟಾ ಮತ್ತು ಲೆಪರ್ಡ್ ಆಮೆಗಳು, ಭಾರತದ ನಕ್ಷತ್ರ ಆಮೆ, ಬರ್ಮಾ ನಕ್ಷತ್ರ ಆಮೆ, ದಕ್ಷಿಣ ಅಮೆರಿಕದ ಕೆಂಪುಕಾಲು ಮತ್ತು ಹಳದಿಕಾಲು ಆಮೆಗಳು, ಗಲಾಪಗೋಸ್ ದ್ವೀಪಗಳ ದೈತ್ಯ ಆಮೆ, ಇವು ಯಾವುದರಲ್ಲೂ ಕತ್ತುಬಿಲ್ಲೆ ಇರುವುದಿಲ್ಲ. ಕತ್ತಿನ ಮೇಲೆ ಚಿಪ್ಪಿನ ಅಂಚು ಒಳಕ್ಕೆ ಬಾಗಿ ಬರಿದಾದ ತಗ್ಗಾಗಿರುತ್ತದೆ. ಹರ್ಮನ್, ಗ್ರೀಕ್ ಆಮೆಗಳಂಥ ಮೆಡಿಟರೇನಿಯನ್ ಆಮೆಗಳು, ಮಡಗಾಸ್ಕರಿನ ರೇಡಿಯೇಟೆಡ್ ಆಮೆ, ಹಿಂದೂ ಮಹಾಸಾಗರದ ಅಲ್ಡಾಬ್ರಾ ದ್ವೀಪದ ದೈತ್ಯ ಆಮೆ, ಉತ್ತರ ಅಮೆರಿಕದ ಗೋಫರ್ ಆಮೆಗಳಲ್ಲಿ ಇರುತ್ತದೆ.

ಒಂದೇ ಕುಲದೊಳಗೂ ಇದು ಕೆಲಸಕ್ಕೆ ಬರುತ್ತದೆ. ಪಶ್ಚಿಮ ಘಟ್ಟದ ತಿರುವಾಂಕೂರು ಆಮೆಗೆ ಕತ್ತುಬಿಲ್ಲೆ ಇಲ್ಲ. ಅದರ ಹತ್ತಿರದ ಬಂಧು, ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಇರುವ ಉದ್ದಚಿಪ್ಪಿನ ಎಲಾಂಗೇಟೆಡ್ ಆಮೆಗೆ ಸಾಮಾನ್ಯವಾಗಿ ಕಿರಿದಾದ ಕತ್ತುಬಿಲ್ಲೆ ಇದೆ. ಹಳದಿ ನೆಲದ ಮೇಲೆ ಕಪ್ಪು ಮಚ್ಚೆಗಳು ಎರಡರಲ್ಲೂ ಇರುವುದರಿಂದ ಬಣ್ಣ ನೋಡಿ ಬೇರ್ಪಡಿಸುವುದು ಕಷ್ಟ.

ಹಿಂದಿನಿಂದ ನೋಡಿ: ಬಾಲ ಮತ್ತು ತೊಡೆ

ಪ್ರಪಂಚದಲ್ಲಿ ಅತಿ ಹೆಚ್ಚು ಜನ ಸಾಕುವುದು ಟೆಸ್ಟುಡೋ ಕುಲದ ಆಮೆಗಳನ್ನು. ಅತಿ ಹೆಚ್ಚು ತಪ್ಪು ಹೆಸರು ಅಂಟಿಸಿಕೊಂಡಿರುವುದೂ ಇವೇ. ಇವುಗಳಲ್ಲಿ ಮೂರು ಪ್ರಭೇದ ಗ್ರೀಸ್ ದೇಶದಲ್ಲೇ ಸಿಗುತ್ತವೆ, ಹಾಗಾಗಿ ‘ಗ್ರೀಸಿನಿಂದ ಬಂದದ್ದು, ಆದ್ದರಿಂದ ಗ್ರೀಕ್ ಆಮೆ’ ಎಂಬ ತರ್ಕ ನಿಲ್ಲುವುದಿಲ್ಲ. ಆಮೆಯ ಹಿಂದೆ ಕೂತು ನೋಡಬೇಕು.

ಹರ್ಮನ್ ಆಮೆಯ ಬಾಲದ ತುದಿಯಲ್ಲಿ ಉಗುರಿನಂಥ ಗಟ್ಟಿ ಮುಳ್ಳು ಇರುತ್ತದೆ. ಬಾಲಬಿಲ್ಲೆ ಸಾಮಾನ್ಯವಾಗಿ ಎರಡಾಗಿ ಸೀಳಿರುತ್ತದೆ. ತೊಡೆಯಲ್ಲಿ ಮುಳ್ಳಿಲ್ಲ. ಗ್ರೀಕ್ ಆಮೆಯಲ್ಲಿ ಇದರ ತಿರುವುಮುರುವು: ಬಾಲದ ತುದಿಯಲ್ಲಿ ಮುಳ್ಳಿಲ್ಲ, ಬಾಲಬಿಲ್ಲೆ ಹೆಚ್ಚಾಗಿ ಒಂದೇ ತುಂಡು, ಬಾಲದ ಎರಡೂ ಪಕ್ಕ ತೊಡೆಯ ಮೇಲೆ ಒಂದೊಂದು ಶಂಕುವಿನಂಥ ಮುಳ್ಳು. ಈ ಮೂರನ್ನೂ ಒಟ್ಟಿಗೆ ನೋಡಬೇಕು. ಬಾಲಬಿಲ್ಲೆ ಸೀಳದ ಹರ್ಮನ್ ಆಮೆಗಳೂ ಇವೆ, ಸೀಳಿರುವ ಗ್ರೀಕ್ ಆಮೆಗಳೂ ಇವೆ. ಮೂರರಲ್ಲಿ ಎರಡು ಗುರುತು ಒಂದೇ ಕಡೆ ಬೆರಳು ತೋರಿಸಿದರೆ ಅದನ್ನು ನಂಬಿ.

ಹರ್ಮನ್ ಎಂದು ಖಚಿತವಾದ ಮೇಲೆ ಹೊಟ್ಟೆ ನೋಡಿ. ನಡುಗೆರೆಯ ಎರಡೂ ಬದಿ ಕಪ್ಪು ಪಟ್ಟಿ ಕಡಿಯದೆ ಉದ್ದಕ್ಕೂ ಹರಿದಿದ್ದರೆ ಪಶ್ಚಿಮದ ಉಪಪ್ರಭೇದ. ಕಪ್ಪು ತುಂಡುತುಂಡಾಗಿ ಮಚ್ಚೆಗಳಾಗಿದ್ದರೆ ಬಾಲ್ಕನ್ ಕಡೆಯ ಪೂರ್ವದ ಉಪಪ್ರಭೇದ. ಜೊತೆಗೆ ನಡುಗೆರೆಯ ಮೇಲೆ ಎದೆಬಿಲ್ಲೆಗಳು ಕೂಡುವ ಉದ್ದವನ್ನೂ ತೊಡೆಬಿಲ್ಲೆಗಳು ಕೂಡುವ ಉದ್ದವನ್ನೂ ಹೋಲಿಸಿ. ಪಶ್ಚಿಮದ್ದರಲ್ಲಿ ತೊಡೆಯ ಗೆರೆ ಉದ್ದ.

ಮಾರ್ಜಿನೇಟೆಡ್ ಆಮೆ ಈ ಕುಲದಲ್ಲೇ ದೊಡ್ಡದು. ಬೆಳೆದದ್ದರ ಹಿಂಬದಿಯ ಅಂಚುಬಿಲ್ಲೆಗಳು ಲಂಗದ ನೆರಿಗೆಯಂತೆ ಹೊರಕ್ಕೆ ಅರಳಿರುತ್ತವೆ. ಹೊಟ್ಟೆಯಲ್ಲಿ ಜೋಡಿ ಜೋಡಿ ಕಪ್ಪು ತ್ರಿಕೋನಗಳು. ಮರಿಯಲ್ಲಿ ಆ ಅರಳಿದ ಅಂಚು ಇನ್ನೂ ಮೂಡಿರುವುದಿಲ್ಲ, ಆಗ ತ್ರಿಕೋನಗಳೇ ಆಧಾರ. ಕುಲದ ಅತಿ ಪುಟ್ಟ ಆಮೆ ಈಜಿಪ್ಟಿನದು. ಹೆಣ್ಣು ಕೂಡ 13 ಸೆಂ.ಮೀ. ಆಸುಪಾಸಿಗೆ ನಿಲ್ಲುತ್ತದೆ, ಹೊಟ್ಟೆಯಲ್ಲಿ ಎರಡು ಕಪ್ಪು ತ್ರಿಕೋನಗಳಷ್ಟೇ.

ಇನ್ನುಳಿದದ್ದು ಮಧ್ಯ ಏಷ್ಯಾದ ರಷ್ಯನ್ ಆಮೆ. ಇದಕ್ಕೆ ಮುಂಗಾಲಿನ ಉಗುರು ಎಣಿಸಿದರೆ ಮುಗಿಯಿತು. ಟೆಸ್ಟುಡೋ ಕುಲದ ಉಳಿದವುಗಳಿಗೆ ಮುಂಗಾಲಿನಲ್ಲಿ ಸಾಮಾನ್ಯವಾಗಿ 5 ಉಗುರು, ಇದಕ್ಕೆ ನಾಲ್ಕೇ. ಮೇಲಿನಿಂದ ನೋಡಿದರೆ ಚಿಪ್ಪು ಹೆಚ್ಚುಕಡಿಮೆ ದುಂಡಗೆ, ಪಕ್ಕದಿಂದ ತಗ್ಗು, ಬಿಲ ತೋಡುವ ಜೀವಕ್ಕೆ ತಕ್ಕ ಆಕಾರ. ಬಾಲದ ತುದಿಯಲ್ಲಿ ಇದಕ್ಕೂ ಮುಳ್ಳಿದೆ, ಹಾಗಾಗಿ ಬಾಲ ಮಾತ್ರ ನೋಡಿದವರು ಹರ್ಮನ್ ಎಂದುಕೊಳ್ಳುತ್ತಾರೆ. 1968ರ ಸೆಪ್ಟೆಂಬರಿನಲ್ಲಿ ಸೋವಿಯತ್ ನೌಕೆ ಜೋಂಡ್-5ರಲ್ಲಿ ಕೂತು ಚಂದ್ರನನ್ನು ಸುತ್ತಿ ಜೀವಂತವಾಗಿ ಭೂಮಿಗೆ ಮರಳಿದ ಎರಡು ಆಮೆಗಳು ಇದೇ ಜಾತಿಯವು. ಚಂದ್ರನ ಬಳಿಗೆ ಮನುಷ್ಯರಿಗಿಂತ ಮೊದಲು ಹೋಗಿಬಂದ ಜೀವ ಇದು ಎಂದು ನೆನೆದಾಗಲೆಲ್ಲ ಈ ಮಣ್ಣುಬಣ್ಣದ ಪ್ರಾಣಿಯ ಬಗ್ಗೆ ನನಗೆ ಮಮತೆ ಉಕ್ಕುತ್ತದೆ.

ತೊಡೆಮುಳ್ಳು ಆಫ್ರಿಕಾದ ಸುಲ್ಕಾಟಾದಲ್ಲೂ ಇದೆ. ಅಲ್ಲಿ ಒಂದೊಂದಲ್ಲ, ತೊಡೆಗೆ ಎರಡು ಮೂರು, ಅವೂ ದಪ್ಪನಾದವು. ಮುಂಗಾಲಿನ ಮುಂಬದಿಯಲ್ಲಿ ಒಂದರ ಮೇಲೊಂದು ಹೊದ್ದ ದೊಡ್ಡ ಚೂಪು ಹುರುಪೆಗಳು. ಮೈಬಣ್ಣ ಮರಳಿನದು, ಬಿಲ್ಲೆಗಳಲ್ಲಿ ಚಿತ್ತಾರವಿಲ್ಲ, ಆಳವಾದ ಬೆಳವಣಿಗೆಯ ಉಂಗುರಗಳು ಮಾತ್ರ. ದ್ವೀಪಗಳ ದೈತ್ಯರನ್ನು ಬಿಟ್ಟರೆ ಜಗತ್ತಿನ ಅತಿ ದೊಡ್ಡ ನೆಲದಾಮೆ ಇದು. ಗಂಡು 100 ಕೆ.ಜಿ. ಮುಟ್ಟಬಹುದು. ಅಂಗೈ ಅಗಲದ ಮರಿಯನ್ನು ‘ಸಣ್ಣ ಜಾತಿ’ ಎಂದು ನಂಬಿ ಮನೆಗೆ ತಂದವರು ಕೆಲವೇ ವರ್ಷಗಳಲ್ಲಿ ಜಾಗ ಸಾಲದೆ ಕಂಗಾಲಾಗುತ್ತಾರೆ, ಆಮೆಯ ಪಾಡೂ ಹಾಳಾಗುತ್ತದೆ. ಅದಕ್ಕೇ ಮರಿಯ ಗುರುತು ತಿಳಿದಿರಬೇಕು. ಸುಲ್ಕಾಟಾ ಮರಿಯ ಬಿಲ್ಲೆಗಳು ಒಳಗೆ ಖಾಲಿ, ಅಂಚಿಗೆ ಮಾತ್ರ ಕಂದು ಚೌಕಟ್ಟು. ಲೆಪರ್ಡ್ ಆಮೆಯ ಮರಿಯಲ್ಲಿ ಚೌಕಟ್ಟಿನೊಳಗೆ ಒಂದೆರಡು ಕಪ್ಪು ಚುಕ್ಕೆ ಇರುತ್ತವೆ.

ನಕ್ಷತ್ರದ ಗೆರೆಗಳು

ಬಣ್ಣ ನೋಡುವ ಹೊತ್ತು ಈಗ ಬಂತು. ಬಿಲ್ಲೆಯ ನಡುವಿನ ಹಳದಿ ಬೊಟ್ಟಿನಿಂದ ಸುತ್ತಲೂ ಹಳದಿ ಕಿರಣಗಳು ಚಿಮ್ಮಿದಂತೆ ಕಾಣುವ ಆಮೆ ಒಂದಲ್ಲ, ಮುಖ್ಯವಾಗಿ ಮೂರು. ಭಾರತ, ಶ್ರೀಲಂಕಾ, ಪಾಕಿಸ್ತಾನಗಳ ನಕ್ಷತ್ರ ಆಮೆ, ಬರ್ಮಾ ನಕ್ಷತ್ರ ಆಮೆ, ಮಡಗಾಸ್ಕರಿನ ರೇಡಿಯೇಟೆಡ್ ಆಮೆ.

ಮೊದಲು ಕತ್ತು ನೋಡಿ. ಕತ್ತುಬಿಲ್ಲೆ ಇದ್ದರೆ ರೇಡಿಯೇಟೆಡ್. ಅದರ ಕಾಲುಗಳು ಹಳದಿ, ತಲೆಯೂ ಹಳದಿ, ನೆತ್ತಿಯ ಮೇಲೆ ಮಾತ್ರ ಕಪ್ಪು. ಚಿಪ್ಪು ಎತ್ತರದ ನುಣುಪು ಗುಮ್ಮಟ, 40 ಸೆಂ.ಮೀ.ವರೆಗೆ ಬೆಳೆಯುತ್ತದೆ.

ಕತ್ತುಬಿಲ್ಲೆ ಇಲ್ಲದಿದ್ದರೆ ಹೊಟ್ಟೆ ನೋಡಿ. ಹೊಟ್ಟೆಚಿಪ್ಪಿನಲ್ಲೂ ಕಿರಣಗಳಂಥ ಕಪ್ಪು ಗೆರೆಗಳು ಹರಡಿದ್ದರೆ ನಮ್ಮ ನಕ್ಷತ್ರ ಆಮೆ. ಹೊಟ್ಟೆ ಹಳದಿಯಾಗಿದ್ದು ಅಲ್ಲಲ್ಲಿ ಕಪ್ಪು ತೇಪೆಗಳಷ್ಟೇ ಇದ್ದರೆ ಬರ್ಮಾದ್ದು. ಇನ್ನೂ ಅನುಮಾನವಿದ್ದರೆ ನಡುಬೆನ್ನಿನ ಒಂದು ಬಿಲ್ಲೆಯ ಹಳದಿ ಕಿರಣಗಳನ್ನು ಎಣಿಸಿ. ಬರ್ಮಾ ಆಮೆಯಲ್ಲಿ ಆರು ಅಥವಾ ಅದಕ್ಕೂ ಕಡಿಮೆ, ಅಚ್ಚುಕಟ್ಟಾದ ನಕ್ಷತ್ರ. ಭಾರತದ್ದರಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಮತ್ತು ಒತ್ತೊತ್ತು.

ಲೆಪರ್ಡ್ ಆಮೆಯ ಮರಿಯನ್ನೂ ನಕ್ಷತ್ರ ಆಮೆ ಎಂದು ತಿಳಿಯುವವರಿದ್ದಾರೆ. ಅದರಲ್ಲಿ ಇರುವುದು ಕಪ್ಪು ಚುಕ್ಕೆ, ಮಚ್ಚೆ, ಮುರಿದ ಗೆರೆ. ಕೇಂದ್ರದಿಂದ ಹೊರಟ ಹಳದಿ ಕಿರಣ ಇಲ್ಲ. ಬೆಳೆದ ಲೆಪರ್ಡ್ ಆಮೆಯಲ್ಲಿ ಮಚ್ಚೆಗಳು ಚದುರಿ, ಚಿರತೆಯ ಮೈಯೇ ನೆನಪಾಗುತ್ತದೆ.

ನಕ್ಷತ್ರ ಆಮೆಯ ಬಿಲ್ಲೆಗಳು ಗುಬ್ಬಿಗುಬ್ಬಿಯಾಗಿ ಉಬ್ಬಿರುವುದು ಸ್ವಾಭಾವಿಕ. ಆದರೆ ಸುಲ್ಕಾಟಾ, ಲೆಪರ್ಡ್, ಹರ್ಮನ್‌ನಂಥವುಗಳಲ್ಲಿ ಬಿಲ್ಲೆಗಳು ಗೋಪುರದಂತೆ ಎದ್ದಿದ್ದರೆ ಅದು ಸಾಕಣೆಯ ದೋಷ. ಮರಿಯಾಗಿದ್ದಾಗ ಒಣ ವಾತಾವರಣ, ತಪ್ಪು ಆಹಾರ ಇದಕ್ಕೆ ಮುಖ್ಯ ಕಾರಣಗಳು. ಆ ಗೋಪುರಗಳನ್ನು ಜಾತಿಯ ಗುರುತು ಎಂದು ಬರೆದುಕೊಳ್ಳಬೇಡಿ.

ಕೆಂಪುಕಾಲು, ಹಳದಿಕಾಲು

ಹೆಸರು ಕೇಳಿದರೆ ಸುಲಭ ಅನ್ನಿಸುತ್ತದೆ. ಆದರೆ ಕೆಂಪುಕಾಲು ಆಮೆಯಲ್ಲಿ ಕಿತ್ತಳೆ, ಹಳದಿ ಹುರುಪೆಗಳೂ ಇರುತ್ತವೆ, ಹಳದಿಕಾಲಿನದರಲ್ಲಿ ಕಿತ್ತಳೆ ಬಣ್ಣವೂ ಕಾಣುತ್ತದೆ. ತಲೆಯನ್ನು ಮೇಲಿನಿಂದ ನೋಡಿ. ಮೂಗಿನ ಹಿಂದಿರುವ ಜೋಡಿ ಹುರುಪೆಗಳು ಗಿಡ್ಡವಾಗಿದ್ದು, ಅದರ ಹಿಂದೆ ಹಣೆಯ ಮೇಲೆ ಒಂದೇ ದೊಡ್ಡ ಹುರುಪೆ ಇದ್ದರೆ ಕೆಂಪುಕಾಲು. ಜೋಡಿ ಹುರುಪೆಗಳು ಉದ್ದವಾಗಿದ್ದು, ಹಣೆಯದು ಚೂರುಚೂರಾಗಿ ಒಡೆದಿದ್ದರೆ ಹಳದಿಕಾಲು. ಬೆಳೆದ ಗಂಡು ಕೆಂಪುಕಾಲಿನ ಆಮೆಯನ್ನು ಮೇಲಿನಿಂದ ನೋಡಿದರೆ ಚಿಪ್ಪಿನ ನಡು ಒಳಕ್ಕೆ ಸರಿದು ಸೊಂಟದಂತೆ ಕಾಣುವುದುಂಟು. ಬಿಲ್ಲೆಗಳ ನಡುವಿನ ತಿಳಿಬಣ್ಣದ ಬೊಟ್ಟು ಕೆಂಪುಕಾಲಿನದರಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಕತ್ತರಿಸಿ ಅಂಟಿಸಿದಂತೆ ಸ್ಪಷ್ಟ, ಹಳದಿಕಾಲಿನದರಲ್ಲಿ ಕಂದಿನೊಳಗೆ ಕರಗಿಹೋಗಿರುತ್ತದೆ.

ದೈತ್ಯರು

ಮೃಗಾಲಯದಲ್ಲಿ ದೈತ್ಯ ಆಮೆ ಕಂಡಾಗ ಗಲಾಪಗೋಸ್‌ನದೋ ಅಲ್ಡಾಬ್ರಾದ್ದೋ ಎಂಬ ಪ್ರಶ್ನೆಗೆ ಕತ್ತುಬಿಲ್ಲೆಯೇ ಉತ್ತರ. ಅಲ್ಡಾಬ್ರಾದಲ್ಲಿ ಇದೆ, ಗಲಾಪಗೋಸ್‌ನಲ್ಲಿ ಇಲ್ಲ. ಅಲ್ಡಾಬ್ರಾದ ಮೂಗಿನ ಹೊಳ್ಳೆಗಳು ನಿಂತ ಸೀಳಿನಂತಿವೆ. ಬಂಡೆಯ ಸಣ್ಣ ಕುಳಿಯಲ್ಲಿ ನಿಂತ ನೀರನ್ನೂ ಅದು ಮೂಗಿನಿಂದಲೇ ಹೀರಬಲ್ಲದು.

ಗಲಾಪಗೋಸ್‌ನಲ್ಲಿ ದ್ವೀಪದಿಂದ ದ್ವೀಪಕ್ಕೆ ಚಿಪ್ಪಿನ ಆಕಾರವೇ ಬೇರೆ. ಹಸಿರು ದಟ್ಟವಾದ ಎತ್ತರದ ದ್ವೀಪಗಳಲ್ಲಿ ಗುಮ್ಮಟದ ಚಿಪ್ಪು, ಒಣ ದ್ವೀಪಗಳಲ್ಲಿ ಮುಂಭಾಗ ಮೇಲಕ್ಕೆದ್ದ, ಕುದುರೆಯ ಜೀನಿನಂಥ ಚಿಪ್ಪು. ಜೀನಿನ ಆಕಾರವಿದ್ದರೆ ಕತ್ತನ್ನು ಮೇಲಕ್ಕೆ ಚಾಚಿ ಎತ್ತರದ ಗಿಡ ತಿನ್ನಲು ಸಾಧ್ಯ. 1835ರಲ್ಲಿ ಡಾರ್ವಿನ್ ಅಲ್ಲಿಗೆ ಹೋದಾಗ, ಯಾವುದೇ ಆಮೆಯನ್ನು ನೋಡಿ ಅದು ಯಾವ ದ್ವೀಪದ್ದೆಂದು ಹೇಳಬಲ್ಲೆ ಎಂದು ಅಲ್ಲಿನ ಉಪರಾಜ್ಯಪಾಲ ಲಾಸನ್ ಡಾರ್ವಿನ್‌ಗೆ ತಿಳಿಸಿದ್ದರು. ಪಿಂಟಾ ದ್ವೀಪದ ಕೊನೆಯ ಆಮೆ ‘ಲೋನ್‌ಸಮ್ ಜಾರ್ಜ್’ 2012ರ ಜೂನಿನಲ್ಲಿ ಸತ್ತಾಗ ಅಂಥ ಒಂದು ಆಕಾರವೇ ಲೋಕದಿಂದ ಹೋಯಿತು.

ನೋಡಿದೊಡನೆ ತಿಳಿಯುವ ಕೆಲವು

ಕೆನ್ಯಾ, ಟಾಂಜಾನಿಯಾಗಳ ಪ್ಯಾನ್‌ಕೇಕ್ ಆಮೆ ತಟ್ಟೆಯಷ್ಟು ಚಪ್ಪಟೆ, ಒತ್ತಿದರೆ ಬಾಗುವ ಚಿಪ್ಪು. ಬಂಡೆಯ ಬಿರುಕಿನೊಳಗೆ ನುಸುಳಿ ಬದುಕುತ್ತದೆ. ಆಫ್ರಿಕಾದ ಕಿನಿಕ್ಸಿಸ್ ಆಮೆಗಳಿಗೆ ಬೆನ್ನುಚಿಪ್ಪಿನ ಹಿಂಭಾಗದಲ್ಲೇ ಕೀಲಿದೆ, ಆದರೆ ಮರಿಗಳಲ್ಲಿ ಅದಿನ್ನೂ ಮೂಡಿರುವುದಿಲ್ಲ. ಮಡಗಾಸ್ಕರಿನ ಪ್ಲೌಶೇರ್ ಆಮೆಯ ಗಂಟಲಬಿಲ್ಲೆ ಮುಂಗಾಲುಗಳ ನಡುವಿನಿಂದ ನೇಗಿಲಿನಂತೆ ಮುಂದಕ್ಕೆ ಚಾಚಿ ಮೇಲಕ್ಕೆ ಬಾಗಿದೆ. ಗೋಫರ್ ಆಮೆಗಳ ಮುಂಗಾಲು ಸಲಿಕೆಯಂತೆ ಅಗಲ. ಏಷ್ಯಾದ ಅತಿ ದೊಡ್ಡ ನೆಲದಾಮೆ ಮನೂರಿಯಾ ಎಮಿಸ್‌ಗೆ ಹಿಂದೊಡೆಯ ಮುಳ್ಳುಗಳು ಎಷ್ಟು ದಪ್ಪವೆಂದರೆ ಅದನ್ನು ಆರು ಕಾಲಿನ ಆಮೆ ಎಂದೇ ಕರೆಯುವವರಿದ್ದಾರೆ.

ಎಲ್ಲಿ ಎಡವುತ್ತೇವೆ

ಗಂಡು ಹೆಣ್ಣಿನ ವ್ಯತ್ಯಾಸವನ್ನು ಜಾತಿಯ ವ್ಯತ್ಯಾಸ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಬಹುತೇಕ ನೆಲದಾಮೆಗಳಲ್ಲಿ ಗಂಡಿನ ಬಾಲ ಉದ್ದ ಮತ್ತು ದಪ್ಪ, ಹೊಟ್ಟೆಚಿಪ್ಪು ಒಳಕ್ಕೆ ತಗ್ಗು. ಹೆಣ್ಣಿನ ಬಾಲ ಗಿಡ್ಡ, ಹೊಟ್ಟೆ ಸಮತಟ್ಟು. ಬಿಲ್ಲೆಯ ಉಂಗುರಗಳನ್ನು ಎಣಿಸಿ ವಯಸ್ಸು ಹೇಳುವುದೂ ಸಲ್ಲದು, ಒಂದೇ ವರ್ಷದಲ್ಲಿ ಎರಡು ಮೂರು ಉಂಗುರ ಮೂಡಬಹುದು.

ಬಿಲ್ಲೆಗಳಲ್ಲೂ ಅಪವಾದಗಳಿವೆ. ಮೊಟ್ಟೆ ಹೆಚ್ಚು ಬಿಸಿಯಲ್ಲಿ ಕಾವು ಕಂಡಿದ್ದರೆ ನಡುಬೆನ್ನಿನಲ್ಲಿ ಐದರ ಬದಲು ಆರೇಳು ಬಿಲ್ಲೆ ಇರುವ ಮರಿಗಳು ಹುಟ್ಟುತ್ತವೆ. ಬೇರೆ ಬೇರೆ ಜಾತಿಗಳನ್ನು ಒಟ್ಟಿಗೆ ಸಾಕಿದಲ್ಲಿ ಮಿಶ್ರತಳಿಗಳೂ ಹುಟ್ಟುತ್ತವೆ. ಎರಡು ಜಾತಿಗಳ ಗುರುತೂ ಒಂದರಲ್ಲೇ ಕಂಡರೆ ಅದನ್ನೂ ಯೋಚಿಸಿ. ಅಂಥ ಕಡೆ ಡಿಎನ್‌ಎ ಪರೀಕ್ಷೆಯೇ ಕೊನೆಯ ಮಾತು.

ಹೆಸರು ತಪ್ಪಿದರೆ ಆರೈಕೆಯೂ ತಪ್ಪುತ್ತದೆ. ರಷ್ಯನ್ ಆಮೆಗೆ ಚಳಿಗಾಲದ ನಿದ್ದೆ ಬೇಕು, ಸುಲ್ಕಾಟಾ ಅಂಥ ಚಳಿಯಲ್ಲಿ ಬದುಕದು. ಕೆಂಪುಕಾಲಿಗೆ ತೇವದ ಗಾಳಿ ಹಿತ, ಈಜಿಪ್ಟಿನದಕ್ಕೆ ಅದೇ ರೋಗ. ಕಾನೂನಿನ ದೃಷ್ಟಿಯಿಂದಲೂ ಹೆಸರು ಮುಖ್ಯ. ನೆಲದಾಮೆಗಳ ಇಡೀ ಕುಟುಂಬವೇ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಭಾರತದ ನಕ್ಷತ್ರ ಆಮೆ ಮತ್ತು ಪ್ಯಾನ್‌ಕೇಕ್ ಆಮೆಗಳನ್ನು 2019ರಲ್ಲಿ ಅತಿ ಕಠಿಣವಾದ ಮೊದಲನೇ ಅನುಬಂಧಕ್ಕೆ ಸೇರಿಸಲಾಯಿತು. ಬೇರೆ ಜಾತಿಯ ಹೆಸರು ಹಾಕಿ ಮಾರುವವರ ಎದುರು ನಿಮ್ಮ ಆರು ಫೋಟೋಗಳು ಬಲವಾದ ಸಾಕ್ಷಿಯಾಗುತ್ತವೆ. ಆದರೆ ಕಾಡಿನ ಆಮೆ ಕಂಡ ಜಾಗದ ಗುರುತನ್ನು ಆ ಫೋಟೋಗಳ ಜೊತೆ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಕಳ್ಳರೂ ಅದನ್ನು ನೋಡುತ್ತಾರೆ.

ಎಲ್ಲ ನೋಡಿಯೂ ಪ್ರಭೇದ ಖಚಿತವಾಗದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ. ‘ಟೆಸ್ಟುಡೋ, ಕತ್ತುಬಿಲ್ಲೆ ಇದೆ, ಬಾಲಬಿಲ್ಲೆ ಸೀಳಿದೆ, ತೊಡೆಮುಳ್ಳು ಕಾಣಲಿಲ್ಲ, ಬಾಲದ ತುದಿ ಮುರಿದಿದೆ, ಉದ್ದ 14 ಸೆಂ.ಮೀ.’ ಎಂದು ಬರೆದಿಟ್ಟರೆ, ಆಮೆಯನ್ನು ಕಣ್ಣಾರೆ ಕಾಣದ ತಜ್ಞರೂ ಅಲ್ಲಿಂದ ಮುಂದುವರಿಯಬಲ್ಲರು.